ಹೂ ನೋಡಬಾರದ ಗಿಡ

ಮೂಡಲಪಾಳ್ಯ
೨೬ ಜೂನ್ ೨೦೨೪, ಬುಧವಾರ

ವೇಂಕಟರಮಣನ ದಯೆಯಿಂದ ಈ ಮನೆಯಲ್ಲಿ ಎಲ್ಲರೂ ಕುಶಲ. ಕೆಂಗೇರಿಯಲ್ಲಿರುವ ತಂಗಿ ಇಂದ್ರಮ್ಮನಿಗೆ ಅಣ್ಣನು ಬರೆಯುವುದೇನೆಂದರೆ,

ನಿನ್ನ ಮೊಮ್ಮಗಳು ಧನ್ಯಶ್ರೀಯು ಕಾಮಾಲೆಯಿಂದ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದು ಮೊನ್ನೆ ಮನೆಗೆ ಮರಳಿದಳೆಂಬ ವರ್ತಮಾನ ನನಗೆ ತಲುಪಿತು. ತಲುಪಿಸಿದವರು ಯಾರೆಂಬುದನ್ನು ಕೇಳು. ನಮ್ಮ ಬೀದಿಯ ಹೂವಿನವಳು. ಮೊಳ ಹಾಕುತ್ತಲೇ, ಕಣ್ಣೆತ್ತದೆ, “ಏನ್ ಮೇಷ್ಟ್ರೇ, ಊರಿಗೆಲ್ಲ ಕಾಮಾಲೆಗೆ ಔಷಧಿ ಕೊಡ್ತೀರ, ನಿಮ್ಮ ತಂಗಿ ಮೊಮ್ಮಗಳಿಗೆ ಮಾತ್ರ ಆಸ್ಪತ್ರೇನೇ ಬೇಕಾಯ್ತಾ” ಎಂದಳು. ದೇವರಿಗೆಂದು ಕೊಂಡ ಸೇವಂತಿಗೆಯನ್ನು ಮನೆಯವರೆಗೆ ಹೇಗೆ ತಂದೆನೋ ನಾನರಿಯೆ.

ನಮ್ಮ ತಂದೆಯವರು ತೀರಿಕೊಂಡಂದಿನಿಂದ ನಲವತ್ತೈದು ವರ್ಷ, ಒಂದು ಭಾನುವಾರವನ್ನೂ ತಪ್ಪಿಸದೆ ಈ ಜಗುಲಿಯ ಮೇಲೆ ನಿಂತಿದ್ದೇನೆ. ಕನ್ನಡ ಪಂಡಿತನೆಂದು ಸಂಬಳ ಕೊಟ್ಟದ್ದು ರಾಜಾಜಿನಗರದ ಪ್ರೌಢಶಾಲೆ. ಪಂಡಿತನೆಂದು ಜನರು ಕೈಮುಗಿದದ್ದು ಈ ಜಗುಲಿಗೆ. ಲಗ್ಗೆರೆಯಿಂದ, ಬಸವೇಶ್ವರನಗರದಿಂದ, ಮಾಗಡಿಯಿಂದ ಬರುವವರು ಸೂರ್ಯೋದಯಕ್ಕೆ ಮುನ್ನವೇ ಸಾಲು ನಿಂತಿರುತ್ತಾರೆ. ಇಷ್ಟೆಲ್ಲ ಲೋಕಕ್ಕೆ ಸಾಕಾದ ಔಷಧಿ ಒಡಹುಟ್ಟಿದವಳ ಮನೆಗೆ ಸಾಲದಾಯಿತು.

ನೇಮಗಳು ನಿನಗೆ ಮರೆತಿರಬಹುದು. ಹಸುವಿನ ಬಾಲ ಹಿಡಿದು ಬಾಳುವವರ ಮನೆ ಸೇರಿದವಳು. ನೆನಪಿಸುತ್ತೇನೆ. ಗಿಡದ ಹೆಸರನ್ನು ಬಾಯಿಂದ ಆಡಕೂಡದು. ಆಡಿದರೆ ಅದರ ಗುಣ ಹಾರಿಹೋಗುತ್ತದೆ. ಬೆಳಕು ಹರಿಯುವ ಮುನ್ನ ಒಬ್ಬನೇ ಹೋಗಿ ಕೀಳಬೇಕು. ನೆಲಕ್ಕೆ ಅಂಟಿದ ಎಳೆಯ ಎಲೆಯನ್ನೇ ಕೀಳಬೇಕು. ಹೂ ಬಿಟ್ಟ ಗಿಡವನ್ನು ಔಷಧಿ ಕೊಡುವವನು ಕಣ್ಣೆತ್ತಿ ನೋಡಕೂಡದು. ಕೊಟ್ಟದ್ದಕ್ಕೆ ಪ್ರತಿಯಾಗಿ ಏನನ್ನೂ ಮುಟ್ಟಕೂಡದು. ಇಷ್ಟು ಶುಚಿಯಾದದ್ದನ್ನು ಬಿಟ್ಟು ನೀನು ಆರಿಸಿಕೊಂಡದ್ದೇನು? ಕೈಗೆ ಸೂಜಿ ಚುಚ್ಚಿ, ತಲೆಯ ಮೇಲೆ ಉಪ್ಪುನೀರಿನ ಸೀಸೆ ತೂಗುಹಾಕಿ, ದಿನಕ್ಕೆರಡು ಸಲ ರಕ್ತ ತೆಗೆದು, ಹುಡುಗಿ ಹಳದಿಯಾಗಿದ್ದಾಳೆ ಎಂದು ಕಾಗದದಲ್ಲಿ ಅಚ್ಚು ಹಾಕಿ ಕೊಡುವವರನ್ನು. ಹಳದಿಯೆಂಬುದು ಕಣ್ಣಿದ್ದವನಿಗೆ ಬಾಗಿಲಲ್ಲೇ ಕಾಣುತ್ತದೆ.

ನನ್ನಲ್ಲಿಗೆ ಏಕೆ ಕರೆತರಲಿಲ್ಲ? ಕಾರಣವನ್ನು ಬರೆದು ತಿಳಿಸತಕ್ಕದ್ದು.

ನಿನ್ನ ಅಣ್ಣ
ಮುನಿವೆಂಕಟಪ್ಪ


ಕೆಂಗೇರಿ
೩ ಜುಲೈ ೨೦೨೪

ಅಣ್ಣಯ್ಯನಿಗೆ ಇಂದ್ರಮ್ಮನ ನಮಸ್ಕಾರ.

ನೀನು ಫೋನ್ ಎತ್ತಲ್ಲ, ಅದಕ್ಕೇ ಕಾಗದ. ನನ್ನದು ನಾಕನೇ ಕ್ಲಾಸಿನ ಕನ್ನಡ. ಹೋದ ಸಲದ ಹಾಗೆ ಕೆಂಪು ಇಂಕಲ್ಲಿ ತಿದ್ದಿ ವಾಪಸ್ ಕಳಿಸಬೇಡ.

ಧನ್ಯಾ ಚೆನ್ನಾಗಿದಾಳೆ. ಕಣ್ಣು ಬೆಳ್ಳಗಾಗಿದೆ, ಗಂಜಿ ಬೇಡ ಅಂತ ಜಗಳ ಆಡೋ ಅಷ್ಟು ಶಕ್ತಿ ಬಂದಿದೆ. ನೀನು ಎರಡು ಹಾಳೆ ಬರೆದಿದ್ದೀಯ, ಮಗು ಹೇಗಿದೆ ಅಂತ ಒಂದು ಕಡೆನೂ ಕೇಳಿಲ್ಲ. ಹೂವಿನವಳು ಕೇಳಿದ್ಲಂತೆ, ಮಗು ಚೆನ್ನಾಗಿದೆ ಅಂತ ಅವಳಿಗೆ ನನ್ನ ಪರವಾಗಿ ಹೇಳು.

ಹಸುವಿನ ಬಾಲ ಹಿಡಿದವರು ಅಂದೆ. ಹೂಂ, ಹಿಡಿದಿದ್ದೀವಿ. ಯಾವ ಹಸು ಅಂತ ಬೆಳಕಲ್ಲಿ ನೋಡಿ ಹಿಡೀತೀವಿ.

ನೇಮ ಏನೂ ಮರೆತಿಲ್ಲ. ನೀನು ಮೈಸೂರಲ್ಲಿ ಪಂಡಿತ ಪರೀಕ್ಷೆಗೆ ಓದ್ತಿದ್ದಾಗ ಆರು ವರ್ಷ ಅಪ್ಪನ ಜೊತೆ ನಮ್ಮ ಹೊಲದ ಬದುವಿಗೆ ಹೋದವಳು ನಾನು, ಸೊಪ್ಪು ಅರೆದವಳು ನಾನು. ಅಪ್ಪನ ಹನ್ನೊಂದರ ದಿನ ಆ ಅರೆಯೋ ಕಲ್ಲಿಗೆ ಕೈ ಹಾಕಿದೆ ಅಂತ, ಅಷ್ಟು ಜನ ನೆಂಟರ ಮುಂದೆ, “ಕೊಟ್ಟ ಹೆಣ್ಣು ಈ ಕಲ್ಲು ಮುಟ್ಟಬಾರದು, ಇದರ ಬಗ್ಗೆ ಬಾಯೂ ಬಿಡಬಾರದು” ಅಂದೆ. ಬಿಡಲಿಲ್ಲ. ನಿನ್ನ ಮಾತು ನಡೆಸಿಕೊಟ್ಟಿದ್ದೀನಿ.

ಯಾಕೆ ಕರ್ಕೊಂಡು ಬರಲಿಲ್ಲ ಅಂತ ಕೇಳಿದೀಯ. ಕೇಳಬೇಡ. ಕೇಳಿದ್ರೆ ಹೇಳಬೇಕಾಗುತ್ತೆ.

ಇಂದ್ರಮ್ಮ


ಮೂಡಲಪಾಳ್ಯ
೧೦ ಜುಲೈ ೨೦೨೪

ತಂಗಿ ಇಂದ್ರಮ್ಮನಿಗೆ,

ನಿನ್ನ ಪತ್ರ ತಲುಪಿತು. ಅದನ್ನು ತಿದ್ದಲು ಕೆಂಪು ಮಸಿ ಸಾಲದು. ಆದುದರಿಂದ ಹಾಗೆಯೇ ಇಟ್ಟಿದ್ದೇನೆ.

ಕಾರಣವಿಲ್ಲದವರು ಕಾರಣವನ್ನು ಅಡಗಿಸಿಟ್ಟವರಂತೆ ನಟಿಸುವುದು ನನಗೆ ಹೊಸದಲ್ಲ. ಮೂವತ್ತೆರಡು ವರ್ಷ ತರಗತಿಯಲ್ಲಿ ಅದನ್ನೇ ನೋಡಿದವನು. ನಿನ್ನ ಮನೆಯವರಿಗೆ ನಾಗರಿಕರೆನಿಸಿಕೊಳ್ಳುವ ಚಪಲ. ಕೈಯಲ್ಲಿ ಪಟ್ಟಿ ಕಟ್ಟಿಕೊಂಡು ಹಾಸಿಗೆಯಲ್ಲಿ ಮಲಗಿದ ಚಿತ್ರವನ್ನು ನಾಲ್ಕು ಜನರಿಗೆ ಕಳಿಸದಿದ್ದರೆ ಈಗಿನವರಿಗೆ ಕಾಯಿಲೆಯೂ ಕಾಯಿಲೆಯೆನಿಸದು.

ಇಲ್ಲಿ ಬರುವವರನ್ನು ನೀನು ನೋಡಬೇಕು. ಲಗ್ಗೆರೆಯಿಂದ ರಮ್ಯ ಎಂಬ ಹೆಣ್ಣುಮಗಳು ಬರುತ್ತಿದ್ದಾಳೆ. ಗಾರ್ಮೆಂಟ್ಸಿನಲ್ಲಿ ಹೊಲಿಯುವವಳು, ಐದು ತಿಂಗಳ ಗರ್ಭಿಣಿ. ಅರಿಸಿನದಲ್ಲಿ ಅದ್ದಿ ತೆಗೆದಂತಿದ್ದಾಳೆ. ಆಸ್ಪತ್ರೆಗೆ ಹೋಗಲೇ ಎಂದು ಕೇಳಿದಳು. “ಎರಡು ದೋಣಿಯಲ್ಲಿ ಕಾಲಿಡಬೇಡ, ಐದು ಭಾನುವಾರ ಬಾ, ಪಥ್ಯ ಮಾಡು” ಎಂದೆ. ಮರುಮಾತಾಡದೆ ನನ್ನ ಪಾದ ಮುಟ್ಟಿ ಹೋದಳು. ಎರಡು ಭಾನುವಾರ ಆಗಿದೆ. ಎರಡಕ್ಷರ ಕಲಿಯದ ಆ ಹುಡುಗಿಗಿರುವ ವಿವೇಕ ನಿನ್ನ ಮನೆಯ ಪದವೀಧರರಿಗಿಲ್ಲ.

ಪಥ್ಯದ ಮಾತು ಬಂತು. ಎಣ್ಣೆ, ಖಾರ, ಮಾಂಸ ಇವುಗಳನ್ನು ಬಿಡಲು ಜನ ಒಪ್ಪುತ್ತಾರೆ. ಕಾಫಿ ಬಿಡಿ ಎಂದರೆ ಮುಖ ಸಣ್ಣದಾಗುತ್ತದೆ. ವಿಜಯನಗರದ ಮೂಲೆಮೂಲೆಯಲ್ಲಿ ನಿಂತುಕೊಂಡು, ಒಂದು ಲೋಟವನ್ನು ಇಬ್ಬರು ಹಂಚಿಕೊಂಡು ಹೀರುವ ಆ ಕಪ್ಪುನೀರಿನಲ್ಲಿ ಕಾಫಿಯೆಷ್ಟು, ಚಿಕೋರಿಯೆಷ್ಟು ಎಂದು ಕುಡಿಯುವವನೂ ಬಲ್ಲನೇ, ಮಾರುವವನೂ ಬಲ್ಲನೇ? ಯಾವುದೋ ಕಳೆಯ ಬೇರನ್ನು ಕರಿಯಾಗುವಂತೆ ಹುರಿದು ಪುಡಿಮಾಡಿ, ಒಳ್ಳೆಯ ಬೀಜದ ಜೊತೆ ಬೆರೆಸಿ, ಬಣ್ಣ ಬಂತು ಎಂದು ಹಿಗ್ಗುವ ಊರು ಇದು. ನಾನು ಪ್ರತಿಯೊಬ್ಬ ರೋಗಿಗೂ ಹೇಳುವ ಮೊದಲ ಮಾತು: ಚಿಕೋರಿ ಹೊಟ್ಟೆಗೆ ಹೋಗಿದೆಯೆಂದರೆ ನನ್ನ ಔಷಧಿ ಕೆಲಸ ಮಾಡದು.

ಇನ್ನೊಮ್ಮೆ ಕೇಳುತ್ತೇನೆ. ಕಾರಣವೇನು? ಹೇಳುವ ಧೈರ್ಯವಿಲ್ಲದಿದ್ದರೆ, ಇಲ್ಲವೆಂದು ಬರೆ.

ಅಣ್ಣ
ಮುನಿವೆಂಕಟಪ್ಪ


ಕೆಂಗೇರಿ
೧೮ ಜುಲೈ ೨೦೨೪

ಅಣ್ಣಯ್ಯ,

ಧೈರ್ಯದ ಮಾತಾಡಿದೆ, ಸರಿ. ಕೂತ್ಕೊಂಡು ಓದು.

ಎಂಟು ವರ್ಷದ ಹಿಂದೆ ಪಿತೃಪಕ್ಷಕ್ಕೆ ನಿಮ್ಮನೆಗೆ ಬಂದಿದ್ದೆ. ಅವತ್ತು ಭಾನುವಾರ. ಬಚ್ಚಲ ಹತ್ರ ಅರೆದ ಸೊಪ್ಪಿನ ಚರಟ ಬಿದ್ದಿತ್ತು, ಜೊತೇಲಿ ಅರೀದೆ ಉಳಿದ ಒಂದೆರಡು ಎಲೆ. ನಿನ್ನ ಸೊಸೆ ಲತಾ ಗುಡಿಸೋಕೆ ಬಂದ್ಲು, ನಾನೇ ಎತ್ತಿ ಹಾಕಿದೆ. ಎತ್ತಿದಾಗ ಎಲೆ ಬೆನ್ನು ಬೆರಳಿಗೆ ತಾಗ್ತು.

ಅಪ್ಪನ ಸೊಪ್ಪಿನ ಬೆನ್ನು ನುಣುಪು. ಕತ್ತಲೇಲಿ ಕೀಳ್ತಿದ್ವಲ್ಲ, ಅಪ್ಪ ನನಗೆ ಕಣ್ಣಲ್ಲಿ ಕಲಿಸಲಿಲ್ಲ, ಬೆರಳಲ್ಲಿ ಕಲಿಸಿದ್ದು. ನಿನ್ನ ಎಲೆ ಬೆನ್ನಲ್ಲಿ ನಡುನರದ ಮೇಲೆ ಸಣ್ಣ ಒರಟು ಕೂದಲಿತ್ತು. ಮುರಿದ್ರೆ ಹಾಲು ಬರುತ್ತೆ, ಅದು ನಿಜ. ನಾಲಿಗೆಗೆ ಕಹಿ, ಅದೂ ನಿಜ. ನೆಲಕ್ಕೆ ಅಂಟಿಕೊಂಡು ಬೆಳೆಯೋದೂ ಅದೇ ಥರ. ಆದ್ರೆ ಅದಲ್ಲ.

ಒಂದು ಎಲೆ ಸೆರಗಲ್ಲಿ ಕಟ್ಕೊಂಡು ಬಂದೆ. ನಮ್ಮ ಹಸುಗಳಿಗೆ ಕುದುರೆಮಸಾಲೆ ಸೊಪ್ಪು ಹಾಕ್ತೀವಲ್ಲ, ಆ ತಾಕಿನ ಅಂಚಲ್ಲಿ ಅದೇ ಗಿಡ ಇತ್ತು. ಕುದುರೆಮಸಾಲೆ ಬಿತ್ತನೆ ಬೀಜ ಉತ್ತರದ ಕಡೆಯಿಂದ ಬರುತ್ತಂತೆ, ಅದರ ಜೊತೆ ಕಳೆ ಬೀಜವಾಗಿ ಇದೂ ಬರುತ್ತಂತೆ. ಬೆಳೆಯೋಕೆ ಬಿಟ್ಟೆ. ಸೊಂಟದುದ್ದ ಎದ್ದು ಹೂ ಬಿಡ್ತು. ನೀಲಿ ಹೂ. ಬೆಳಗ್ಗೆ ಬಿಡುತ್ತೆ, ಬಿಸಿಲು ನೆತ್ತಿಗೆ ಬರೋ ಹೊತ್ತಿಗೆ ಮುದುಡಿ ಹೋಗುತ್ತೆ. ಬೀಜ ಮಾರೋನನ್ನ ಕೇಳಿದೆ. “ಇದಾ ಅಮ್ಮ, ಚಿಕೋರಿ. ಇದರ ಬೇರನ್ನೇ ಕಾಫಿ ಪುಡಿಗೆ ಹಾಕೋದು” ಅಂದ.

ಹೆಸರು ಬರೆದೆ ಅಂತ ಹಾರಾಡಬೇಡ. ಹೆಸರು ಹೇಳಿದ್ರೆ ಕೆಡೋದು ಅಪ್ಪನ ಸೊಪ್ಪು. ಇದು ಅದಲ್ಲ, ಅದಕ್ಕೇ ಬರೀತಿದ್ದೀನಿ.

ಹೇಗಾಯ್ತು ಅಂತ ನಾನೇ ಯೋಚನೆ ಮಾಡಿದೀನಿ. ಅಪ್ಪ ನಿನಗೆ ತೋರಿಸಿದ್ದು ಒಂದೇ ಸಲ, ನಸುಕಲ್ಲಿ, ತನ್ನ ಕಣ್ಣಿಗೆ ಪೊರೆ ಬಂದಮೇಲೆ. ಆಮೇಲೆ ಇಪ್ಪತ್ತೈದು ವರ್ಷ ನೀನು ಅದೇ ಬದುವಿಗೆ ಹೋಗಿ ಅದೇ ಮೂಲೇಲಿ ಬಗ್ಗಿ ಕಿತ್ತೆ. ನಿನಗೆ ಗೊತ್ತಿದ್ದಿದ್ದು ಜಾಗ, ಗಿಡ ಅಲ್ಲ. ಹೊಲ ಸೈಟಾಗಿ ಬದು ಹೋಯ್ತು. ಬೇರೆ ಎಲ್ಲೋ ಹುಡುಕಿದೆ, ಸಿಕ್ತು ಅಂದ್ಕೊಂಡೆ. ಯಾರನ್ನ ಕೇಳ್ತೀಯ, ಹೆಸರು ಹೇಳೋ ಹಾಗಿಲ್ಲ. ಹೂವಲ್ಲಾದ್ರೂ ಗೊತ್ತಾಗ್ತಿತ್ತು, ಹೂ ನೋಡೋ ಹಾಗಿಲ್ಲ. ಈಗ ಎಲ್ಲಿ ಕೀಳ್ತೀಯೋ ನಾನು ಕೇಳಲ್ಲ. ಆದ್ರೆ ಅದರ ಪಕ್ಕದಲ್ಲಿ ಯಾರೋ ಕುದುರೆಮಸಾಲೆ ಬೆಳೆದಿರಬೇಕು. ಇಲ್ಲ ಅಂದ್ರೆ ನಾನು ಸುಳ್ಳಿ.

ಅದೇನು ವಿಷ ಅಲ್ಲ. ಹಸು ಕಣ್ಣು ಮುಚ್ಕೊಂಡು ತಿನ್ನುತ್ತೆ. ಗೋರಿಪಾಳ್ಯದ ಹಕೀಮರ ಅಂಗಡೀಲಿ ಇದರ ಬೀಜ, ಬೇರು ಎರಡೂ ಇದೆ, ಕಾಸನಿ ಅಂತಾರೆ. ಈಲಿಗೆ, ಅದೇ ಲಿವರಿಗೆ, ಒಳ್ಳೇದು ಅಂತ ಅವರ ತಾತನ ಕಾಲದಿಂದ ಕೊಡ್ತಾರಂತೆ. ತೂಕ ಮಾಡ್ತಾರೆ, ಚೀಟೀಲಿ ಹೆಸರು ಬರೆದು ಕೊಡ್ತಾರೆ. ಹೆಸರು ಬರೆದ್ರೂ ಗುಣ ಹಾರಿ ಹೋಗಲ್ವಾ ಅಂತ ಕೇಳಿದೆ. ಹಕೀಮರು ನಕ್ಕು, “ಹೆಸರು ಬರೀದಿದ್ರೆ ನಮ್ಮ ಅಂಗಡಿ ಹಾರಿ ಹೋಗುತ್ತೆ ತಾಯಿ” ಅಂದ್ರು. ಬಸುರಿ ಹೆಂಗಸಿಗೆ ಕೊಡಬಾರದು ಅಂತಾನೂ ಅವರೇ ಅಂದ್ರು.

ನನ್ನ ಮೊಮ್ಮಗಳನ್ನ ನಿನ್ನ ಜಗುಲಿಗೆ ತರದೆ ಇರೋಕೆ ಕಾರಣ ಇಷ್ಟೇ. ನಾನು ಬರೆದಿದ್ದನ್ನೆಲ್ಲ ಬೇಕಾದ್ರೆ ಸುಡು. ಆ ಲಗ್ಗೆರೆ ಹುಡುಗೀನ ಮಾತ್ರ ಈ ಭಾನುವಾರ ಆಸ್ಪತ್ರೆಗೆ ಕಳಿಸು. ಧನ್ಯಾ ಇದ್ದ ವಾರ್ಡಲ್ಲಿ ಒಬ್ಬ ಬಸುರಿ ಕಾಮಾಲೆ ಜಾಸ್ತಿಯಾಗಿ ಹೋಗಿಬಿಟ್ಲು. ಹೊಟ್ಟೇಲಿದ್ದಿದ್ದೂ ಹೋಯ್ತು. ನಾನು ಕಣ್ಣಾರೆ ನೋಡಿದೀನಿ.

ಇಂದ್ರಮ್ಮ


ಮೂಡಲಪಾಳ್ಯ
೨೨ ಜುಲೈ ೨೦೨೪

ಇಂದ್ರಮ್ಮನಿಗೆ,

ಓದಿದೆ. ಓದಿದ ಮೇಲೆ ಕೈ ತೊಳೆದುಕೊಂಡೆ.

ಸೆಗಣಿ ಬಾಚಿದ ಬೆರಳು ಶಾಸ್ತ್ರ ಹೇಳಲು ಹೊರಟಿದೆ. ಬೀಜ ಮಾರುವವನು ಆಚಾರ್ಯ, ಬೀದಿಯ ಹಕೀಮನು ಪ್ರಮಾಣ, ಎತ್ತಿ ಎಸೆದ ಕಸವು ಸಾಕ್ಷಿ. ನಲವತ್ತೈದು ವರ್ಷದಲ್ಲಿ ಗುಣವಾಗಿ ಹೋದ ಸಾವಿರ ಸಾವಿರ ಜನರು ಸುಳ್ಳು. ಕೆಂಗೇರಿಯ ಕೊಟ್ಟಿಗೆಯೊಂದೇ ನಿಜ. ಕಲ್ಲನ್ನು ಮುಟ್ಟಬೇಡ ಎಂದ ಒಂದು ಮಾತನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟು ಸಾಕಿ, ಈಗ ಅದಕ್ಕೆ ನೀಲಿ ಹೂ ಬಿಡಿಸಿದ್ದೀಯೆ.

ಒಂದು ಕ್ಷಣ ನಿನ್ನ ಮಾತೇ ನಿಜವೆಂದಿಟ್ಟುಕೊಳ್ಳೋಣ. ಎಂಟು ವರ್ಷ ತಿಳಿದೂ ಸುಮ್ಮನಿದ್ದವಳು ಯಾರು? ಇದಕ್ಕೆ ನಿನ್ನ ಹಕೀಮನು ಯಾವ ಚೀಟಿ ಬರೆದುಕೊಡುತ್ತಾನೆ?

ರಮ್ಯಳು ನಿನ್ನೆಯೂ ಬಂದಿದ್ದಳು. ಔಷಧಿ ಕೊಟ್ಟೆ. ಈ ಸಲ ಅವಳನ್ನು ಗೋಡೆಗೊರಗಿಸಿ ನಿಲ್ಲಿಸಬೇಕಾಯಿತು. ಪಥ್ಯದಿಂದ ನಿಶ್ಶಕ್ತಿ ಸಹಜ.

ಇನ್ನು ನಿನ್ನಿಂದ ಬರುವ ಲಕೋಟೆಗಳನ್ನು ಒಡೆಯದೆ ಹಿಂದಕ್ಕೆ ಕಳಿಸಲಾಗುವುದು.

ಮುನಿವೆಂಕಟಪ್ಪ


(ಅಂಚೆ ಕಾರ್ಡು)

ಕೆಂಗೇರಿ
೫ ಆಗಸ್ಟ್ ೨೦೨೪

ಅಣ್ಣಯ್ಯ, ನನ್ನ ಕವರ್ ಒಡೆಯದೆ ವಾಪಸ್ ಬಂತು. ಅದಕ್ಕೇ ಕಾರ್ಡು. ಇದನ್ನ ಒಡೆಯೋ ಹಾಗೂ ಇಲ್ಲ, ಒಡೀದೆ ಇರೋ ಹಾಗೂ ಇಲ್ಲ. ಅಂಚೆಯವರು ಓದ್ತಾರೆ, ಲತಾ ಓದ್ತಾಳೆ, ಹೂವಿನವಳೂ ಓದಲಿ. ನಾನು ಹೇಳಿದ್ದನ್ನ ನಂಬಬೇಡ. ಈ ಭಾನುವಾರ ಕೀಳೋಕೆ ಹೋದಾಗ ಒಂದು ಗಳಿಗೆ ಬೆಳಕಾಗೋವರೆಗೆ ನಿಂತ್ಕೊ. ಪಕ್ಕದಲ್ಲೇ ಹೂ ಬಿಟ್ಟ ಗಿಡ ಇರುತ್ತೆ. ಕಣ್ಣೆತ್ತಿ ನೋಡು. ಅಪ್ಪನ ಗಿಡದ ಹೂ ಹಳದಿ. ನೇಮ ಮುರಿದ ಪಾಪ ನನಗಿರಲಿ. ರಮ್ಯ ಅನ್ನೋ ಹುಡುಗಿ ಇನ್ನೂ ಬರ್ತಿದಾಳಾ? ಇಂದ್ರಮ್ಮ.


ಮೂಡಲಪಾಳ್ಯ
೧೩ ಆಗಸ್ಟ್ ೨೦೨೪, ಮಂಗಳವಾರ

ತಂಗಿ ಇಂದ್ರಮ್ಮನಿಗೆ,

ನಿನ್ನ ಕಾರ್ಡನ್ನು ಲತಾ ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ, “ಯಾವ ಹೂ ಮಾವ” ಎಂದು ಕೇಳಿದಳು. ಸೊಸೆಯ ಬಾಯಲ್ಲಿ ಅಂಥ ಪ್ರಶ್ನೆ ಬರುವಂತೆ ಮಾಡಿದ ನಿನ್ನನ್ನು ಅಂದು ಮನಸಾರೆ ಬೈದುಕೊಂಡೆ. ಶ್ರಾವಣದ ಮೊದಲ ಶನಿವಾರದ ಉಪವಾಸವನ್ನು ಮುಗಿಸಿ ಮಲಗಿದರೂ ಆ ಪ್ರಶ್ನೆ ನನ್ನೊಡನೆ ಮಲಗಿತ್ತು.

ಭಾನುವಾರ ನಸುಕಿನಲ್ಲಿ ಹೋದೆ. ಎಲ್ಲಿಗೆಂದು ಈಗ ಬರೆಯಬಹುದು; ಇನ್ನು ಅದರಲ್ಲಿ ಕಾಪಾಡುವಂಥದ್ದೇನೂ ಉಳಿದಿಲ್ಲ. ನಾಯಂಡಹಳ್ಳಿಯ ಹಿಂಬದಿ, ರಸ್ತೆಗೂ ಕಾಲುವೆಗೂ ನಡುವಿನ ದಿಬ್ಬ. ಇಪ್ಪತ್ತು ವರ್ಷದಿಂದ ಅಲ್ಲಿಗೆ ಹೋಗುತ್ತಿದ್ದೇನೆ. ಆ ದಿಬ್ಬಕ್ಕೆ ತಾಗಿದಂತೆ ದನ ಸಾಕುವವರ ಹಸುರು ತಾಕು ಇರುವುದನ್ನು ಬಲ್ಲೆ. ಅದು ಕುದುರೆಮಸಾಲೆಯೆಂಬುದನ್ನು ನಿನ್ನ ಪತ್ರ ಓದುತ್ತಿದ್ದಂತೆಯೇ ಬಲ್ಲೆ. ಕೈ ತೊಳೆದುಕೊಂಡದ್ದು ಅದಕ್ಕೆ.

ಕೀಳಲಿಲ್ಲ. ಮೋರಿಯ ಕಟ್ಟೆಯ ಮೇಲೆ ಕುಳಿತೆ. ಬೆಳಕು ಬರಲು ಹಿಡಿಯುವ ಕಾಲ ಎಷ್ಟು ದೀರ್ಘವೆಂಬುದನ್ನು ಎಪ್ಪತ್ತಾರನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ತಿಳಿದೆ. ಮೊದಲು ಕಂಡದ್ದು ಕಾಲುವೆ. ಮೇಲೆ ಬೂದುಬಣ್ಣದ ನೊರೆ, ಕೆಳಗೆ ಕಾಡಿಗೆಯಂತಹ ನೀರು. ಮೂಗಿಗೆ ವಸ್ತ್ರ ಕಟ್ಟಿಕೊಂಡು ನಡೆಯುವ ಜಾಗದಲ್ಲಿ ಮಡಿಯುಟ್ಟು ಬಗ್ಗಿ, ಅದರ ತೇವ ಕುಡಿದು ಬೆಳೆದದ್ದನ್ನು ಔಷಧಿಯೆಂದು ಕಿತ್ತವನು ನಾನು. ಆ ಬಳಿಕ ಕಣ್ಣೆತ್ತಿದೆ.

ನೀಲಿ. ಒಂದಲ್ಲ, ಎರಡಲ್ಲ, ದಿಬ್ಬದ ಉದ್ದಕ್ಕೂ ನೀಲಿ. ಎಸಳಿನ ತುದಿಗಳು ಗರಗಸ ಹಾಕಿದಂತೆ. ಎಲೆಯೇ ಇಲ್ಲವೆನ್ನಬಹುದಾದ ಒರಟು ಕಡ್ಡಿಗಳ ಮೇಲೆ ಕಾಂಡಕ್ಕೇ ಅಂಟಿಕೊಂಡು ಕುಳಿತಿದ್ದವು. ನಾಚಿಕೆಗೇಡು, ಆದರೂ ಬರೆಯುತ್ತೇನೆ: ಚೆಲುವಾಗಿದ್ದವು. ಇಪ್ಪತ್ತು ವರ್ಷ ಅವುಗಳ ನಡುವೆ ನಡೆದಾಡಿ, ಒಂದನ್ನೂ ನೋಡದೆ ಪಾವನನಾದೆನೆಂದು ಬಗೆದಿದ್ದ ಮೂರ್ಖನನ್ನು ನಿನ್ನ ಹಸುಗಳೂ ಹತ್ತಿರ ಸೇರಿಸವು. ಎಳೆಯ ಎಲೆಯೊಂದನ್ನು ಮಗುಚಿ ಬೆನ್ನನ್ನು ಬೆರಳಿಂದ ಸವರಿದೆ. ಕೂದಲು.

ಬರಿಗೈಯಲ್ಲಿ ಹಿಂದಿರುಗಿದೆ. ಬಾಗಿಲಲ್ಲಿ ಸಾಲು ಬೀದಿಯ ತಿರುವಿನವರೆಗೆ ನಿಂತಿತ್ತು. ಜಗುಲಿಯ ಮೇಲೆ ನಿಂತು, “ಇಂದು ಔಷಧಿಯಿಲ್ಲ, ಇನ್ನೆಂದೂ ಇಲ್ಲ. ನಾನು ಇಷ್ಟು ವರ್ಷ ಕೊಟ್ಟದ್ದು ನಮ್ಮ ತಂದೆಯ ಗಿಡವಲ್ಲ” ಎಂದೆ.

ಯಾರೂ ಕದಲಲಿಲ್ಲ. ಬಸವೇಶ್ವರನಗರದ ಮಂಜುನಾಥ್ ಎಂಬವರು, ಬ್ಯಾಂಕಿನಿಂದ ನಿವೃತ್ತರಾದವರು, ಮುಂದೆ ಬಂದು, “ಸಾರ್, ಯಾವ ಗಿಡವಾದ್ರೇನು, ನಮಗೆ ನಿಮ್ಮ ಕೈಗುಣದ ಮೇಲೆ ನಂಬಿಕೆ. ಒಂದು ತೊಟ್ಟು ಕೊಟ್ಬಿಡಿ, ಸಾಲಲ್ಲಿ ನಿಂತು ಎರಡು ಗಂಟೆ ಆಯ್ತು” ಎಂದರು. ಹಿಂದಿದ್ದ ಹೆಂಗಸು, “ಎಲ್ರಿಗೂ ಇಲ್ಲ ಅಂದ್ರೆ ಬೇಡ ಸ್ವಾಮಿ, ನನ್ನ ಮಗನಿಗೊಬ್ಬನಿಗೆ ಕೊಡಿ” ಎಂದು ಪಿಸುಗುಟ್ಟಿದಳು. ನನ್ನ ಪಾಂಡಿತ್ಯಕ್ಕೆ ದೊರೆತ ಗೌರವವೆಂದು ನಾನು ತಿಳಿದಿದ್ದುದರ ನಿಜವಾದ ಅಳತೆ ಅದು. ನಾನ್ಯಾರೋ, ಗಿಡ ಯಾವುದೋ, ಅವರಿಗೆ ಬೇಕಾದದ್ದು ಕಹಿಯಾದ ಒಂದು ತೊಟ್ಟು. ಅವರನ್ನು ಹೀಯಾಳಿಸಲು ಬಾಯಿ ತೆರೆದೆ. ಅವರನ್ನು ಹಾಗೆ ಪಳಗಿಸಿದವನು ಯಾರೆಂಬುದು ನೆನಪಾಗಿ ಮುಚ್ಚಿದೆ.

ಒಬ್ಬ ತರುಣ ಕೇಳಿದ, “ಹಾಗಾದ್ರೆ ಕೊಡ್ತಿದ್ದಿದ್ದು ಏನು ತಾತ?”

“ಚಿಕೋರಿ” ಎಂದೆ.

ಯಾರೋ ನಕ್ಕರು. “ಅಯ್ಯೋ, ಅದಕ್ಕಾ ಕಾಫಿ ಬಿಡಿಸಿದ್ರಿ. ಎರಡೂ ಕಡೆಯಿಂದ ಹೋದ್ರೆ ಜಾಸ್ತಿ ಆಗುತ್ತೆ ಅಂತ” ಎಂದ ಆ ಹುಡುಗ. ಸಾಲಿಗೆ ಸಾಲೇ ನಕ್ಕಿತು. ನಗದಿದ್ದವಳು ಒಬ್ಬಳೇ. ರಮ್ಯ, ಅವಳ ಐದನೆಯ ಭಾನುವಾರವನ್ನು ದಾಟಿ ಏಳನೆಯದರಲ್ಲಿ, ನಮ್ಮ ಗೋಡೆಯ ಬುಡದಲ್ಲಿ ಕುಳಿತು ನಿದ್ದೆ ಹೋಗಿದ್ದಳು. ಎಬ್ಬಿಸಿದರೆ ಕಣ್ಣು ತೆರೆದಳು. ಯಾವ ಊರೆಂದು ಕೇಳಿದರೆ ಹೇಳಲಾರದೆ ಹೋದಳು.

ಲತಾ ಆಟೋ ತಂದಳು. ನಾನೂ ಹತ್ತಿದೆ. ಯಾವುದನ್ನು ಮೂವತ್ತು ವರ್ಷ ಹಳಿದಿದ್ದೆನೋ ಆ ಆಸ್ಪತ್ರೆಯ ಬಾಗಿಲನ್ನು ಒಂದು ಹೆಣ್ಣಿನ ಕಾಲುಗಳನ್ನು ಹಿಡಿದುಕೊಂಡು ದಾಟಿದೆ. ಡಾಕ್ಟರು ಧನ್ಯಶ್ರೀಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಕೈಯಲ್ಲಿ ಕಾಗದ ಹಿಡಿದು ಕೇಳಿದಳು: “ನಾಟಿ ಔಷಧಿ ಏನಾದ್ರೂ ತಗೊಂಡಿದಾರಾ?” ಹೌದೆಂದೆ. “ಯಾವ ಸೊಪ್ಪು?” ಹೇಳಿದೆ. ನಮ್ಮ ವಂಶದಲ್ಲಿ ಮೂರು ತಲೆಮಾರು ನಾಲಿಗೆಯ ಹಿಂದೆ ಮುಚ್ಚಿಟ್ಟಿದ್ದ ಬಾಗಿಲು ಅಂದು ಪೂರ್ತಿ ತೆರೆದದ್ದು ಅವಳ ಮುಂದೆ. ಅವಳು ತಲೆಯೆತ್ತಲಿಲ್ಲ. ಕೇಳಿದ್ದನ್ನು ಬರೆದುಕೊಂಡು, “ಎಷ್ಟು ವಾರ” ಎಂದಳು. ಆರು ಎಂದೆ. ಅದನ್ನೂ ಬರೆದುಕೊಂಡಳು. “ಕೊಟ್ಟೋರು ಯಾರು ತಾತ, ಆ ಪುಣ್ಯಾತ್ಮ?” ಎಂದಳು.

ನಾನೇ ಎಂದೆ. ಆಗ ತಲೆಯೆತ್ತಿ ನೋಡಿದಳು. ಬೈಯಲಿಲ್ಲ. ಬೈದರೆ ಉತ್ತರಿಸಬಲ್ಲೆ, ಅದಕ್ಕೆ ಬೇಕಾದ ಭಾಷೆ ನನ್ನಲ್ಲಿ ಹೇರಳವಾಗಿದೆ. “ಪಕ್ಕಕ್ಕೆ ನಿಂತ್ಕೊಳಿ” ಎಂದಳು, ಅಷ್ಟೆ. ಎರಡು ದಿನದಿಂದ ಆ ಪಕ್ಕದಲ್ಲಿಯೇ ನಿಂತಿದ್ದೇನೆ. ಮನೆಗೆ ಬರುವುದು ಸ್ನಾನಕ್ಕೆ ಮಾತ್ರ. ರಮ್ಯಳಿಗೆ ನಿನ್ನೆ ಸಂಜೆ ಪ್ರಜ್ಞೆ ಬಂದಿದೆ. ಊರಿನ ಹೆಸರು ಹೇಳಿದಳಂತೆ. ಮಗುವಿನ ಎದೆಬಡಿತ ಇದೆಯೆನ್ನುತ್ತಾರೆ. ಉಳಿಯುವುದೆಂದು ಯಾರೂ ಮಾತು ಕೊಡುವುದಿಲ್ಲ. ಮಾತು ಕೊಡದವರನ್ನು ಕಂಡು ನನಗೆ ಗೌರವವುಂಟಾಗುತ್ತಿರುವುದು ಇದೇ ಮೊದಲು.

ಅರೆಯುವ ಕಲ್ಲನ್ನು ತೊಳೆದು ಗೋಣಿಯಲ್ಲಿ ಸುತ್ತಿದ್ದೇನೆ. ಅದು ನಿನ್ನದು. ಎಂದೋ ನಿನ್ನದಾಗಬೇಕಿತ್ತು.

ಆ ದಿಬ್ಬದಿಂದ ತಂದ ಹೂವೊಂದನ್ನು ಈ ಪತ್ರದೊಡನೆ ಇಟ್ಟಿದ್ದೇನೆ. ನಿನ್ನ ಬಾಯಿ ಮುಚ್ಚಿಸಲು ನಲವತ್ತೈದು ವರ್ಷ ಶ್ರಮಿಸಿದವನು, ನೀನು ಹೇಳಿದ್ದು ಸರಿಯೆಂಬುದಕ್ಕೆ ಸಾಕ್ಷಿಯನ್ನು ಸ್ವಹಸ್ತದಿಂದ ಕಳಿಸುತ್ತಿದ್ದಾನೆ. ತೃಪ್ತಿಯಾಗಲಿ. ಧನ್ಯಶ್ರೀ ಹೇಗಿದ್ದಾಳೆ?

ನಿನ್ನ ಅಣ್ಣ
ಮುನಿವೆಂಕಟಪ್ಪ


ಕೆಂಗೇರಿ
೨೧ ಆಗಸ್ಟ್ ೨೦೨೪

ಅಣ್ಣಯ್ಯ,

ಧನ್ಯಾ ಕಾಲೇಜಿಗೆ ಹೋಗ್ತಿದಾಳೆ. ನೀನು ಕೇಳಿದೆ ಅಂತ ಹೇಳಿದೆ. “ತಾತ ಕೇಳಿದ್ರಾ, ಕಾಗದ ತೋರಿಸು” ಅಂದ್ಲು. ನಂಬಲಿಲ್ಲ.

ತೃಪ್ತಿಯಾಗಲಿ ಅಂತ ಬರೆದಿದ್ದೀಯ. ಆಗಿಲ್ಲ. ಎಂಟು ವರ್ಷ ಸುಮ್ಮನಿದ್ದವಳು ಯಾರು ಅಂತ ಕೇಳಿದ್ದೆಯಲ್ಲ, ಆ ಕಾಗದ ಇನ್ನೂ ದಿಂಬಿನ ಕೆಳಗಿದೆ. ಬಾಯಿ ಬಿಡಬಾರದು ಅಂದವನು ಒಂದಿನ ತಾನೇ ಬೀಳಲಿ ಅಂತ ಕಾಯ್ತಿದ್ದೆ. ನಿನ್ನ ಸಾಲಲ್ಲಿ ನಿಂತವರ ಮುಖ ನನಗೆ ಕಾಣ್ತಿರಲಿಲ್ಲ, ನಿನ್ನ ಮುಖ ಒಂದೇ ಕಾಣ್ತಿತ್ತು. ನೀನು ಹೂ ನೋಡಲಿಲ್ಲ, ನಾನು ಜನ ನೋಡಲಿಲ್ಲ. ಒಂದೇ ಹೊಟ್ಟೇಲಿ ಹುಟ್ಟಿದವರು ಅಂತ ಗೊತ್ತಾಗೋಕೆ ಇಷ್ಟು ಸಾಕು. ನಿನ್ನೆ ಗಂಜಿ ತಗೊಂಡು ಆಸ್ಪತ್ರೆಗೆ ಹೋಗಿದ್ದೆ, ನೀನು ಸ್ನಾನಕ್ಕೆ ಹೋಗಿದ್ದೆಯಂತೆ. ರಮ್ಯ ಎರಡು ಲೋಟ ಕುಡಿದ್ಲು. “ಮೇಷ್ಟ್ರು ದಿನಾ ಬಂದು ದೂರ ನಿಂತಿರ್ತಾರೆ ಅಮ್ಮ, ಕೂತ್ಕೊಳಿ ಅಂತ ಹೇಳಿ” ಅಂದ್ಲು. ಹೇಳಿದೀನಿ.

ಕಲ್ಲು ಕಳಿಸಬೇಡ. ನಮ್ಮನೇಲಿ ಮಿಕ್ಸಿ ಇದೆ.

ಅಪ್ಪನ ಗಿಡ ನಮ್ಮ ಕೊಟ್ಟಿಗೆ ಹಿಂದೆ ಇದೆ. ಮದುವೆಯಾದ ವರ್ಷ ಬದುವಿಂದ ತಂದು ನೆಟ್ಟಿದ್ದು. ಔಷಧಿ ಅಂತ ಯಾರಿಗೂ ಕೊಟ್ಟಿಲ್ಲ, ಕೊಡೋದೂ ಇಲ್ಲ. ಆದ್ರೆ ನಾನು ಹೋದಮೇಲೆ ಅದು ಯಾವುದು ಅಂತ ಗೊತ್ತಿರೋರು ಒಬ್ಬರಾದ್ರೂ ಇರಲಿ. ಭಾನುವಾರ ಬಾ. ಧನ್ಯಾನೂ ಪಕ್ಕದಲ್ಲಿ ನಿಂತಿರ್ತಾಳೆ, ಹೆಸರು ಇಬ್ಬರಿಗೂ ಒಟ್ಟಿಗೆ ಹೇಳ್ತೀನಿ.

ನೀನು ಕಳಿಸಿದ ಹೂ ಬಂತು. ಕಾಗದದ ಮಡಿಕೇಲಿ ಬಾಡಿ ಬೆಳ್ಳಗಾಗಿ ಹೋಗಿತ್ತು, ನೀಲಿ ಒಂದು ಚೂರೂ ಉಳಿದಿರಲಿಲ್ಲ. ಸಾಕ್ಷಿ ಅಂತ ಯಾರಿಗೂ ತೋರಿಸೋ ಹಾಗಿಲ್ಲ. ನೀಲಿ ಅಂತ ನೀನು ಬರೆದಿದ್ದೀಯ, ನಂಬಿದೆ.

ನಸುಕಲ್ಲಿ ಬರಬೇಡ. ಬಿಸಿಲು ಬಿದ್ದಮೇಲೆ ಬಾ, ಈ ಸಲ ಚೆನ್ನಾಗಿ ನೋಡ್ಕೊ.

ತಂಗಿ
ಇಂದ್ರಮ್ಮ